ಮಾಮಸೋಲಿಯ ಪೋಲೆಂಡ್ ನೆಂಟ

ತೆರಿಗೆ ಕಚೇರಿಯ ಕಿಟಕಿಯ ಮುಂದೆ ನಿಂತು, ಕಣ್ಣಲ್ಲಿ ನೀರು ತಂದುಕೊಂಡು, "ದಯವಿಟ್ಟು ನನ್ನ ಮೇಲೆ ತೆರಿಗೆ ಹಾಕಿ" ಎಂದು ಬೇಡಿಕೊಂಡ ಮನುಷ್ಯ ನಮ್ಮ ಕೊಕಂದ್ ಪಟ್ಟಣದಲ್ಲಿ ಇದುವರೆಗೆ ಒಬ್ಬನೇ. ಅವನು ನಮ್ಮ ಮೊಹಲ್ಲಾದವನು ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆಯೂ ಇದೆ, ಸ್ವಲ್ಪ ಅಳುಕೂ ಇದೆ. ಅಳುಕು ಯಾಕೆಂದರೆ, ಆ ಮಹಾಶಯನಿಗೆ ಅಂಥ ಗತಿ ಬಂದದ್ದರಲ್ಲಿ ನನ್ನ ಠಸ್ಸೆಯ ಪಾಲೂ ಇತ್ತು. ನಾನು ಮೊಹಲ್ಲಾ ಸಮಿತಿಯ ಕಾರ್ಯದರ್ಶಿ ಸೊಬಿತ್. ಯಾರ ಮನೆಯಲ್ಲಿ ಯಾರು ವಾಸವಿದ್ದಾರೆ, ಯಾರ ಗೋಡೆ ಯಾರ ಜಾಗಕ್ಕೆ ಎಷ್ಟು ಬೆರಳು ಬಂದಿದೆ, ಯಾರು ಯಾರಿಗೆ ಏನಾಗಬೇಕು ಎಂಬುದಕ್ಕೆಲ್ಲ ಪ್ರಮಾಣಪತ್ರ ಕೊಡುವುದು ನನ್ನ ಕೆಲಸ.

ಆ ಮಹಾಶಯನ ಹೆಸರು ಮಾಮಸೋಲಿ. ಹತ್ತಿಬೀಜದ ಎಣ್ಣೆ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು. ಒಳ್ಳೆಯವನು. ಎಷ್ಟು ಒಳ್ಳೆಯವನೆಂದರೆ ಯಾರು ಏನು ಕೇಳಿದರೂ ಇಲ್ಲ ಎನ್ನಲು ಅವನಿಗೆ ಬಾಯಿ ಬರುವುದಿಲ್ಲ. ಮೊದಲು ಹೂಂ ಎಂದುಬಿಡುವುದು, ಆಮೇಲೆ ಪೇಚಾಡುವುದು, ಇದು ಅವನ ಜೀವನಕ್ರಮ. ಅವನ ಹೆಂಡತಿ ಹೈರಿನಿಸೋ ಬೇರೆಯೇ ಮಣ್ಣಿನವಳು. ಅಂಗಳದಾಚೆ ಖಾಲಿ ಬಿದ್ದಿದ್ದ ಎರಡು ಬೇಸಿಗೆ ಕೋಣೆಗಳನ್ನು ಅತಿಥಿಗೃಹ ಮಾಡಿಯೇ ತೀರಬೇಕೆಂದು ಮೂರು ವರ್ಷದಿಂದ ಹಟ ಹಿಡಿದಿದ್ದಳು. ತವರಿನ ಕಿವಿಯೋಲೆ ಮಾರಿ ಬಿಳಿ ಟೈಲ್ಸಿನ ಬಚ್ಚಲು ಕಟ್ಟಿಸಿದಳು, ಗುಂಡಿ ತಿರುಗಿಸಿದರೆ ತಲೆಯ ಮೇಲೆ ಬಿಸಿನೀರು ಸುರಿಯುವಂಥದ್ದು. ಹನ್ನೆರಡು ಹತ್ತಿ ಹಾಸಿಗೆಗಳನ್ನು ತಾನೇ ಕೂತು ಹೊಲಿದಳು. ಕೋಣೆಗಳ ಫೋಟೋ ತೆಗೆಸಿ ಇಂಟರ್ನೆಟ್ಟಿಗೆ ಹಾಕಿಸಿದಳು. ಗಂಡನಿಗೆ ಅಂತ ಉಳಿಸಿದ್ದು ಒಂದೇ ಕೆಲಸ. ತೆರಿಗೆ ಕಚೇರಿಗೆ ಹೋಗಿ, ಅರ್ಜಿ ತುಂಬಿಸಿ, ಅತಿಥಿಗೃಹದ ನೋಂದಣಿ ಸಂಖ್ಯೆ ತರುವುದು.

ಮಾಮಸೋಲಿ ಮೂರು ಸಲ ಹೋದ. ಮೂರು ಸಲವೂ ಅರ್ಜಿಯ ಏಳನೆಯ ಕಾಲಂವರೆಗೆ ಬಂದು ನಿಂತ. ಅಲ್ಲಿ ಹೀಗಿತ್ತು: ಅತಿಥಿಯಿಂದ ಒಂದು ರಾತ್ರಿಗೆ ಪಡೆಯುವ ಮೊತ್ತ. ಪೆನ್ನು ಮುಂದಕ್ಕೆ ಹೋಗಲಿಲ್ಲ. ನಮ್ಮ ಕಡೆ ಮನೆಗೆ ಬಂದವರ ಮುಂದೆ ಹಾಸು ಹಾಸಿ, ರೊಟ್ಟಿ ಮುರಿದಿಟ್ಟು, ಚಹಾ ಬಗ್ಗಿಸಿಕೊಟ್ಟ ಮೇಲೆ ಅವರ ಕೈಯಿಂದ ಕಾಸು ಮುಟ್ಟಿದವನು ಊರಿನಲ್ಲಿ ತಲೆಯೆತ್ತಿ ನಡೆದ ಉದಾಹರಣೆ ಇಲ್ಲ. ಅಂಥದ್ದರಲ್ಲಿ ಅದನ್ನು ಸ್ವಂತ ಕೈಯಿಂದ ಬರೆದು, ಕೆಳಗೆ ರುಜು ಹಾಕಿ, ಸರ್ಕಾರಕ್ಕೆ ಕೊಡುವುದೆಂದರೆ ಹುಡುಗಾಟವೇ? "ಇದನ್ನ ಬರೆದು ಆಮೇಲೆ ಅಪ್ಪನ ಗೋರಿ ಕಡೆ ಯಾವ ಮುಖ ಇಟ್ಕೊಂಡು ಹೋಗ್ಲಿ ಸೊಬಿತ್?" ಎಂದು ನನ್ನನ್ನೇ ಕೇಳಿದ್ದ. ಅರ್ಜಿ ಮಡಚಿ ಜೇಬಿಗಿಟ್ಟುಕೊಂಡು, ಚಹಾದಂಗಡಿಯಲ್ಲಿ ಎರಡು ಕೆಟಲು ಹಸಿರು ಚಹಾ ಮುಗಿಸಿ, ಮನೆಗೆ ಹೋಗಿ "ಕಿಟಕಿ ಮುಚ್ಚಿತ್ತು ಕಣೇ" ಎನ್ನುತ್ತಿದ್ದ.

ಇಷ್ಟರಲ್ಲಿ ಮೊದಲನೆಯ ಅತಿಥಿ ಬಂದೇಬಿಟ್ಟ. ಮೇ ತಿಂಗಳು, ಹಿಪ್ಪುನೇರಳೆ ಹಣ್ಣಾಗುವ ಕಾಲ. ಬಾಗಿಲಿಗಿಂತ ಎತ್ತರದ ಆಸಾಮಿ, ಬಿಸಿಲಿಗೆ ಬೆಂದ ಕೆಂಪು ಮುಖ, ಬಿಳಿ ಮೀಸೆ, ಬೆನ್ನ ಮೇಲೆ ಒಂದು ಮೂಟೆ. ಹೆಸರು ವಿಟೋಲ್ಡ್, ದೇಶ ಪೋಲೆಂಡು, ಟ್ರ್ಯಾಮ್ ರಿಪೇರಿ ಮಾಡಿ ನಿವೃತ್ತನಾದವನು. ಶಾಲೆಯಲ್ಲಿ ಕಲಿತ ರಷ್ಯನ್ ಅವನಿಗೆ ಅಷ್ಟಿಷ್ಟು ಬರುತ್ತಿತ್ತು. ಸೇನೆಯಲ್ಲಿದ್ದಾಗ ಕಲಿತ ರಷ್ಯನ್ ಮಾಮಸೋಲಿಗೂ ಅಷ್ಟಿಷ್ಟು ಬರುತ್ತಿತ್ತು. ಮೂರು ರಾತ್ರಿ ಇದ್ದು ಸಮರ್ಕಂದಕ್ಕೆ ಹೋಗುವುದಾಗಿ ಹೇಳಿ ಹಾಯಾಗಿ ಮಲಗಿದ.

ಮರುದಿನ ಬೆಳಿಗ್ಗೆ ಮೊಹಲ್ಲಾದ ಹಿರಿಯ ಹೈದರಾಲಿ ಬಾಗಿಲಿಗೆ ಬಂದರು. ಎಪ್ಪತ್ತೈದು ವರ್ಷ, ಎದೆಯವರೆಗೆ ಬಿಳಿ ಗಡ್ಡ, ಕರುಣೆಯ ಕಥೆ ಕೇಳಿದರೆ ತಟ್ಟನೆ ಅಳುವ ಕಣ್ಣು. ಬಂದದ್ದು ಕಾಯ್ದೆಯ ಕೆಲಸಕ್ಕೆ. ಪರದೇಶದವರು ಬಂದರೆ ಮೂರು ದಿನದೊಳಗೆ ಬರೆಸಬೇಕು. ದುಡ್ಡು ತಗೊಂಡು ಇರಿಸಿಕೊಂಡರೆ ನೋಂದಣಿ ಬೇಕು, ರಾತ್ರಿಗಿಷ್ಟು ಎಂದು ತೆರಿಗೆ ಕಟ್ಟಬೇಕು, ಇಲ್ಲದಿದ್ದರೆ ದಂಡ. ನೆಂಟರಾದರೆ ಇದು ಯಾವುದೂ ಇಲ್ಲ, ಮೊಹಲ್ಲಾದ ಒಂದು ಚೀಟಿ ಸಾಕು.

"ಮಾಮಸೋಲೀ, ನಿನ್ನ ಅಂಗಳದಲ್ಲಿ ಒಬ್ಬ ಕೆಂಪು ಮನುಷ್ಯ ಮರ ಅಲ್ಲಾಡಿಸಿ ಹಣ್ಣು ತಿಂತಾ ಇದಾನಲ್ಲ, ಯಾರಯ್ಯ ಅದು?"

"ಅದಾ ಹಿರಿಯರೇ... ಅದು ನಮ್ಮವ್ರೇ."

"ನಮ್ಮವ್ರು ಅಂದ್ರೆ?"

"ಅಂದ್ರೆ... ನೆಂಟ್ರು."

"ಯಾವ ಕಡೆ ನೆಂಟ್ರು? ನಿನ್ನ ಅತ್ತೆ ಊರು ರಿಷ್ತಾನ್ ಕಡೆಯವ್ರಾ?"

"ಇಲ್ಲ, ಸ್ವಲ್ಪ ಆಚೆ. ಪೋಲೆಂಡು."

"ಪೋಲೆಂಡಲ್ಲಿ ನಿಂಗ್ಯಾವ ನೆಂಟ್ನೋ? ನಿಮ್ಮ ವಂಶದಲ್ಲಿ ತಾಷ್ಕೆಂಟ್ ದಾಟಿದವನೇ ಒಬ್ಬ ಇಲ್ಲ!"

ಏನೋ ಒಂದು ಹೇಳಬೇಕಲ್ಲ ಎಂದು ಮಾಮಸೋಲಿ "ಯುದ್ಧದ ಕಾಲದಲ್ಲಿ..." ಎಂದ. ಅಷ್ಟೇ ಅವನು ಹೇಳಿದ್ದು. ಮಿಕ್ಕಿದ್ದನ್ನೆಲ್ಲ ಹೈದರಾಲಿಯವರೇ ಹೇಳಿಕೊಂಡರು. ಆ ಮಹಾಯುದ್ಧದಲ್ಲಿ ಅಪ್ಪ ಅಮ್ಮ ಕಳೆದುಕೊಂಡ ಮಕ್ಕಳು ರೈಲುಗಟ್ಟಲೆ ನಮ್ಮ ಕಣಿವೆಗೆ ಬಂದಿದ್ದರು, ಬೀದಿಗೊಂದು ಮನೆಯಾದರೂ ಒಂದು ಮಗುವನ್ನು ಎತ್ತಿಕೊಂಡಿತ್ತು. ಹೈದರಾಲಿಯವರ ತಾಯಿಯೂ ಒಂದು ಹೆಣ್ಣುಮಗುವನ್ನು ಸಾಕಿದ್ದರು. ಹಿರಿಯರ ಗಡ್ಡ ನಡುಗತೊಡಗಿತು.

"ಅಂದ್ರೆ ನಿಮ್ಮಜ್ಜಿ ಒಂದು ಮಗು ಸಾಕಿದ್ರು!"

"ಹೂಂ."

"ಆ ಮಗು ದೊಡ್ಡದಾಗಿ ತನ್ನ ದೇಶಕ್ಕೆ ಹೋಯ್ತು!"

"ಹೂಂ."

"ಇವನು ಅದರ ಮಗ! ಅಪ್ಪ ಬೆಳೆದ ಮನೆ ಹುಡುಕ್ಕೊಂಡು ಬಂದಿದಾನೆ!"

"ಹೂಂ," ಎಂದ ಮಾಮಸೋಲಿ. ಅಷ್ಟು ಹೊತ್ತಿಗೆ ಅವನ ಕಣ್ಣಲ್ಲೂ ನೀರು ಬಂದಿತ್ತು, ಕಥೆ ಅಷ್ಟು ಚೆನ್ನಾಗಿತ್ತು.

ಹಿರಿಯರು ಅಳುತ್ತಲೇ ನನ್ನ ಕಚೇರಿಗೆ ಬಂದರು. ಅಳುತ್ತಲೇ ಹೇಳಿ ಬರೆಸಿದರು. ಪೋಲೆಂಡಿನ ವಿಟೋಲ್ಡ್ ಎಂಬವರು ಮಾಮಸೋಲಿಯ ದೊಡ್ಡಪ್ಪನ ಮಗನೆಂದು ಈ ಮೂಲಕ ದೃಢೀಕರಿಸಲಾಗಿದೆ ಎಂದು ನಾನು ಬರೆದು ಠಸ್ಸೆ ಒತ್ತಿದೆ. ಹಿರಿಯರು ಮುಂದೆ ಕೂತು ಅಳುತ್ತಿರುವಾಗ ದಾಖಲೆ ತೋರಿಸಿ ಎಂದು ಕೇಳುವಷ್ಟು ಕಲ್ಲುಮನಸ್ಸು ನನಗಿಲ್ಲ.

ಇತ್ತ ಹೈರಿನಿಸೋ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಏನಂದ್ರು ರೀ ಹಿರಿಯರು? ಬೈದ್ರಾ?"

"ಬೈಯೋದೇನು, ಎಲ್ಲಾ ಸರಿಹೋಯ್ತು. ತೆರಿಗೆನೂ ಇಲ್ಲ, ದಂಡನೂ ಇಲ್ಲ."

"ಅದು ಹೇಗೆ?"

"ಅವನು ನನ್ನ ದೊಡ್ಡಪ್ಪನ ಮಗ."

ಹೈರಿನಿಸೋ ಗಂಡನ ಮುಖವನ್ನೇ ನೋಡುತ್ತ ನಿಂತಳು. ಒಲೆಯಲ್ಲಿದ್ದ ರೊಟ್ಟಿ ಸೀಯುವವರೆಗೂ ನಿಂತೇ ಇದ್ದಳು.

ಮೊಹಲ್ಲಾಕ್ಕೆ ಇಂಥ ನೆಂಟ ಬಂದಾಗ ಸುಮ್ಮನಿರಲು ಆಗುತ್ತದೆಯೆ? ಮೂರನೆಯ ದಿನ ಬೆಳಗಾಗುತ್ತಲೇ ಮಾಮಸೋಲಿಯ ಅಂಗಳದಲ್ಲಿ ಹಂಡೆ ಏರಿತು. ಹತ್ತು ಕಿಲೋ ಅಕ್ಕಿಯ ಪಲಾವ್, ಎಂಬತ್ತು ಗಂಡಸರು. ವಿಟೋಲ್ಡನಿಗೆ ಪಟ್ಟೆ ಪಟ್ಟೆಯ ಉದ್ದನೆಯ ನಿಲುವಂಗಿ ಹೊದಿಸಿ, ತಲೆಗೆ ಕಸೂತಿ ಟೋಪಿ ಇಟ್ಟು, ಮೇಲಿನ ಸಾಲಿನಲ್ಲಿ ಕೂರಿಸಿದರು. ಬಂದವರೆಲ್ಲ ಅವನ ಎರಡೂ ಕೈ ಹಿಡಿದು ಕಣ್ಣೊರೆಸಿಕೊಂಡರು. ಊರಿನ ಪತ್ರಿಕೆಯವನೊಬ್ಬ ಬಂದು ಫೋಟೋ ತೆಗೆದುಕೊಂಡ.

"ಇವರೆಲ್ಲ ಯಾಕೆ ಅಳ್ತಿದ್ದಾರೆ?" ಎಂದು ವಿಟೋಲ್ಡ್ ಮೆಲ್ಲಗೆ ಕೇಳಿದ.

"ನಮ್ಮಲ್ಲಿ ಯಾರು ಬಂದ್ರೂ ಹೀಗೇ," ಎಂದ ಮಾಮಸೋಲಿ.

ವಿಟೋಲ್ಡ್ ಅದನ್ನು ನಂಬಿದ. ಆ ದಿನ ಇಂಟರ್ನೆಟ್ಟಿನಲ್ಲಿ ಅವನು ಬರೆದ ಅಭಿಪ್ರಾಯ ಈಗಲೂ ಇದೆ. ಬೆಳಗಿನ ತಿಂಡಿ ಹೇರಳ, ಆದರೆ ಎಂಬತ್ತು ಜನರ ಜೊತೆ ತಿನ್ನಬೇಕು ಎಂಬುದನ್ನು ಮೊದಲೇ ತಿಳಿಸಿದರೆ ಒಳ್ಳೆಯದು ಎಂದು ಬರೆದಿದ್ದಾನೆ.

ಇಷ್ಟಕ್ಕೇ ನಿಂತಿದ್ದರೆ ವಿಟೋಲ್ಡ್ ದುಡ್ಡು ಕೊಟ್ಟು ಸಮರ್ಕಂದಕ್ಕೆ ಹೋಗುತ್ತಿದ್ದ. ಹಾಗೆಂದು ಲಕೋಟೆಯನ್ನೂ ಚಹಾ ಕೆಟಲಿನ ಕೆಳಗೆ ಇಟ್ಟಿದ್ದ. ಆದರೆ ಪತ್ರಿಕೆ ರಿಷ್ತಾನ್‌ವರೆಗೂ ಹೋಗುತ್ತದೆ. ಮರುದಿನ ಮಧ್ಯಾಹ್ನಕ್ಕೆ ಮಾಮಸೋಲಿಯ ಸೋದರತ್ತೆ ಸೊರಾಖಾನ್ ಒಂದು ಬಾಡಿಗೆ ಕಾರಿನಲ್ಲಿ, ಎರಡು ಹಾಸಿಗೆ, ಒಂದು ಬುಟ್ಟಿ ಏಪ್ರಿಕಾಟ್ ಸಮೇತ ಬಂದಿಳಿದಳು. ಅತ್ತೆಗೆ ತೊಂಬತ್ತೊಂದು ವರ್ಷ. ಬೆನ್ನು ಬಾಗಿದೆ, ಗಂಟಲು ಬಾಗಿಲ್ಲ.

"ಎಲ್ಲಿ ನನ್ನ ತಮ್ಮನ ಮಗ? ಎಲ್ಲಿ ಆ ಕಚ್ಚೋ ಹುಡುಗನ ಮಗ?"

ಮಾಮಸೋಲಿ ಬೆಚ್ಚಿಬಿದ್ದ. "ಕಚ್ಚೋ ಹುಡುಗನಾ, ಅತ್ತೆ?"

"ಇವನಪ್ಪ ಕಣೋ! ನಂಗೆ ಒಂಬತ್ತು ವರ್ಷ ಆಗ. ನಮ್ಮಮ್ಮ ಎತ್ಕೊಂಡು ಬಂದ ದಿನಾನೇ ಕಚ್ಚಿದ್ದ. ಇಲ್ಲಿ ನೋಡು!" ಎಂದು ತೋಳು ಮೇಲಕ್ಕೆಳೆದು ಮೊಣಕೈ ತೋರಿಸಿದಳು. ಮೊಣಕೈಯಲ್ಲಿ ಅರ್ಧಚಂದ್ರಾಕಾರದ ಒಂದು ಗುರುತು ನಿಜಕ್ಕೂ ಇತ್ತು.

"ಅತ್ತೆ, ಅಜ್ಜಿ ನಿಜವಾಗ್ಲೂ ಮಗು ಸಾಕಿದ್ರಾ?"

"ಸಾಕಿಲ್ದಿದ್ರೆ ಇದು ಯಾರ ಹಲ್ಲೋ? ನಿನ್ನದಾ?"

ಮಾಮಸೋಲಿಯ ತಲೆ ಗಿರ್ರೆಂದಿತು. ತಾನು ಹೇಳಿದ ಸುಳ್ಳಿಗೆ ಹಲ್ಲಿನ ಗುರುತು ಸಿಕ್ಕಿದರೆ ಯಾರಿಗಾದರೂ ಹಾಗೆ ಆಗುತ್ತದೆ. ಸುಳ್ಳು ಹೇಳಿದೆನೋ, ನೆನಪಿಲ್ಲದೆ ನಿಜ ಹೇಳಿದೆನೋ ಎಂದು ಅವನಿಗೇ ಅನುಮಾನ ಹುಟ್ಟಿತು.

ಹೈದರಾಲಿಯವರು ಈಗ ಇಡೀ ಕಥೆಯನ್ನು, ಹಲ್ಲಿನ ಗುರುತೂ ಸೇರಿ, ತಮ್ಮ ಹರಕು ಮುರುಕು ರಷ್ಯನ್ನಿನಲ್ಲಿ ವಿಟೋಲ್ಡನಿಗೆ ಹೇಳಿದರು. ವಿಟೋಲ್ಡನ ಕೆಂಪು ಮುಖ ಬಿಳುಚಿಕೊಂಡಿತು. "ನಮ್ಮಪ್ಪ ಯುದ್ಧದ ಮಾತು ಯಾವತ್ತೂ ಎತ್ತುತ್ತಿರಲಿಲ್ಲ," ಎಂದು ತೊದಲಿದ. ಆಮೇಲೆ ಅತ್ತೆಯ ಮುಂದೆ ಮಂಡಿಯೂರಿ, ಅಪ್ಪನ ಪರವಾಗಿ ಆ ಮೊಣಕೈಗೆ ಮುತ್ತಿಟ್ಟು ಕ್ಷಮೆ ಕೇಳಿದ. ನೋಡುತ್ತಿದ್ದವರಲ್ಲಿ ಅಳದವರು ಇಬ್ಬರೇ. ಒಬ್ಬಳು ಹೈರಿನಿಸೋ, ಇನ್ನೊಬ್ಬ ಬಾಡಿಗೆಗಾಗಿ ಕಾಯುತ್ತಿದ್ದ ಕಾರಿನವನು.

ಅಷ್ಟರಲ್ಲಿ ಹೈದರಾಲಿಯವರ ಕಣ್ಣಿಗೆ ಕೆಟಲಿನ ಕೆಳಗಿದ್ದ ಲಕೋಟೆ ಬಿತ್ತು.

"ಇದೇನಪ್ಪ ಇದು? ದುಡ್ಡಾ? ಚಿಕ್ಕಪ್ಪನ ಮನೇಲಿ ಉಂಡು ದುಡ್ಡು ಇಡ್ತೀಯಾ? ನಮಗೆ ಅವಮಾನ ಮಾಡ್ಬೇಡಪ್ಪ, ಎತ್ಕೋ!"

ವಿಟೋಲ್ಡ್ ನಾಚಿ, ಲಕೋಟೆ ತೆಗೆದು ಜೇಬಿಗಿಟ್ಟುಕೊಂಡ. ಲಕೋಟೆ ಕೆಟಲಿನಿಂದ ಜೇಬಿನವರೆಗೆ ಮಾಡಿದ ಪ್ರಯಾಣವನ್ನು ಹೈರಿನಿಸೋ ಕಣ್ಣು ಮಿಟುಕಿಸದೆ ನೋಡಿದಳು. ಸಮರ್ಕಂದದ ಟಿಕೆಟ್ಟನ್ನು ವಿಟೋಲ್ಡ್ ಆ ಸಂಜೆಯೇ ರದ್ದು ಮಾಡಿಸಿದ. ನೆಂಟರ ಮನೆ ಸಿಕ್ಕಿದ ಮೇಲೆ ಸಮರ್ಕಂದ ಯಾರಿಗೆ ಬೇಕು!

ಮೂರು ರಾತ್ರಿ ಹತ್ತೊಂಬತ್ತು ರಾತ್ರಿಯಾಯಿತು. ಅತ್ತೆಯೂ ಹೋಗಲಿಲ್ಲ. ತಲೆಯ ಮೇಲೆ ಸುರಿಯುವ ಬಿಸಿನೀರನ್ನು ತೊಂಬತ್ತೊಂದನೆಯ ವಯಸ್ಸಿನಲ್ಲಿ ಮೊದಲ ಬಾರಿ ಕಂಡ ಆಕೆ ದಿನಕ್ಕೆ ಮೂರು ಹೊತ್ತು ಬಚ್ಚಲು ಸೇರಿ ಹಾಡು ಹೇಳತೊಡಗಿದಳು. ವಿಟೋಲ್ಡ್ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊರಗೆ ಕಾಯುತ್ತಿದ್ದ. ಸುಮ್ಮನೆ ಕೂರುವ ಜಾಯಮಾನ ಅವನದಲ್ಲ. ಮೊದಲು ಕಿರುಗುಡುವ ಬಾಗಿಲು ಸರಿಮಾಡಿದ, ಆಮೇಲೆ ಹೈರಿನಿಸೋಳ ಹೊಲಿಗೆ ಯಂತ್ರ, ಆಮೇಲೆ ಪಕ್ಕದ ಮನೆಯವರ ಪಂಪು. ಸುದ್ದಿ ಹಬ್ಬಿ, ಮೊಹಲ್ಲಾದವರೆಲ್ಲ ಕೆಟ್ಟ ಇಸ್ತ್ರಿಪೆಟ್ಟಿಗೆ, ರೇಡಿಯೋ, ಮಾಂಸ ಅರೆಯುವ ಯಂತ್ರ ಹೊತ್ತು ಬರತೊಡಗಿದರು. ನಾನೂ ನನ್ನ ಗೋಡೆ ಗಡಿಯಾರ ಕೊಟ್ಟು ಬಂದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಇಪ್ಪತ್ತನೆಯ ದಿನ, ಸೋಮವಾರ, ಹೈರಿನಿಸೋಳ ಫೋನಿಗೆ ಎರಡು ಸಂದೇಶ ಬಂದವು. ಒಂದು, ಕರಕುಶಲ ಮೇಳಕ್ಕೆ ಬರುವ ಜಪಾನಿನ ನಾಲ್ವರು ಕುಂಬಾರಗಿತ್ತಿಯರು ಎರಡೂ ಕೋಣೆ ಬೇಕೆಂದು ಕೇಳಿದ್ದರು. ಎರಡು, ಶುಕ್ರವಾರದೊಳಗೆ ನೋಂದಣಿ ಸಂಖ್ಯೆ ಕೊಡದಿದ್ದರೆ ಮನೆಯ ಫೋಟೋವನ್ನೇ ಇಂಟರ್ನೆಟ್ಟಿನಿಂದ ತೆಗೆದುಹಾಕುತ್ತೇವೆ ಎಂದು ಅಲ್ಲಿನವರು ಬರೆದಿದ್ದರು.

ಹೈರಿನಿಸೋ ಕೂಗಾಡಲಿಲ್ಲ. ಗಂಡನೆದುರು ಕೂತು ಫೋನನ್ನು ಅವನ ಮೊಣಕಾಲ ಮೇಲಿಟ್ಟಳು.

"ಮೂರು ವರ್ಷ ಹೊಲಿದಿದೀನಿ ರೀ. ಒಂದೊಂದು ಹಾಸಿಗೆ ಹೊಲಿಯುವಾಗ್ಲೂ ಇಲ್ಲಿ ಯಾರು ಮಲಗ್ತಾರೋ ಅಂತ ಯೋಚಿಸ್ತಿದ್ದೆ. ನಿಮ್ಮತ್ತೆ ಮಲಗ್ತಾರೆ ಅಂತ ಮಾತ್ರ ಯೋಚಿಸಿರ್ಲಿಲ್ಲ. ಶುಕ್ರವಾರದೊಳಗೆ ನಂಬರ್ ತನ್ನಿ. ಇಲ್ದಿದ್ರೆ ಈ ಮನೆ, ಈ ಬಚ್ಚಲು, ನಿಮ್ಮ ನೆಂಟ್ರು ಎಲ್ಲಾ ನಿಮಗೇ ಇರ್ಲಿ. ನಾನು ನಮ್ಮಣ್ಣನ ಮನೆಗೆ ಹೋಗ್ತೀನಿ."

ಅವಳ ಕಣ್ಣು ತುಂಬಿತ್ತು. ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳು ಅಣ್ಣನ ಮನೆಯ ಮಾತೆತ್ತಿದ್ದು ಇದೇ ಮೊದಲು.

ಮರುದಿನ ಕಚೇರಿ ತೆರೆಯುವ ಮೊದಲೇ ಅವನು ಕಿಟಕಿಯ ಮುಂದಿದ್ದ. ಒಳಗೆ ಕೂತಿದ್ದವಳು ಇನ್ಸ್ಪೆಕ್ಟರ್ ಝುಲ್ಹುಮೋರ್. ಖಡಕ್ ಹೆಂಗಸು, ಆದರೆ ನ್ಯಾಯಸ್ಥೆ. ಅವಳ ಮೇಜಿನ ಗಾಜಿನಡಿಯಲ್ಲಿ ವಿಟೋಲ್ಡನ ಫೋಟೋ ಇದ್ದ ಪತ್ರಿಕೆಯ ತುಂಡು ಇತ್ತು.

"ಬನ್ನಿ ಮಾಮಸೋಲಿ ಅಣ್ಣ! ನಮ್ಮಮ್ಮ ಇದನ್ನ ಓದಿ ಎರಡು ದಿನ ಅತ್ರು. ಏನಾಗ್ಬೇಕಿತ್ತು?"

"ಮಗಳೇ, ನನಗೆ ತೆರಿಗೆ ಹಾಕು."

"ಯಾತಕ್ಕೆ?"

"ವಿಟೋಲ್ಡಿಗೆ. ಇಪ್ಪತ್ತು ರಾತ್ರಿಗೆ. ದಂಡ ಇದ್ರೆ ಅದನ್ನೂ ಹಾಕಮ್ಮ, ಸಂಕೋಚ ಪಡ್ಬೇಡ."

ಝುಲ್ಹುಮೋರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. "ಅಣ್ಣ, ನೆಂಟ್ರು ಮನೇಲಿ ಉಳ್ಕೊಂಡ್ರೆ ತೆರಿಗೆ ಹಾಕೋಕೆ ಕಾಯ್ದೇಲಿ ಜಾಗ ಇಲ್ಲ."

"ಹೇಗಾದ್ರೂ ಜಾಗ ಮಾಡು ತಾಯಿ!"

ಸರದಿಯಲ್ಲಿ ಹಿಂದೆ ನಿಂತಿದ್ದ ಕಲ್ಲಂಗಡಿ ವ್ಯಾಪಾರಿಗೆ ತಡೆಯಲಾಗಲಿಲ್ಲ. "ಅಣ್ಣನಿಗೆ ಅಷ್ಟು ಆಸೆ ಇದ್ರೆ ನನ್ನ ತೆರಿಗೇನೂ ಅವರ ಹೆಸರಿಗೇ ಬರೀರಿ ಮೇಡಂ, ನಾನು ಬೇಜಾರು ಮಾಡ್ಕೊಳಲ್ಲ!" ಸರದಿಯೆಲ್ಲ ನಕ್ಕಿತು. ಚುಚ್ಚಿ ಮಾತಾಡುವುದರಲ್ಲಿ ನಮ್ಮೂರಿನವರು ಯಾವಾಗಲೂ ಮುಂದೆ.

ಮಾಮಸೋಲಿ ಗಟ್ಟಿ ಮನಸ್ಸು ಮಾಡಿದ. "ಅವನು ನನ್ನ ನೆಂಟನೇ ಅಲ್ಲ ಮಗಳೇ! ನಂಗೂ ಅವನಿಗೂ ಯಾವ ಸಂಬಂಧವೂ ಇಲ್ಲ!"

ಸರದಿಯಲ್ಲಿ ನಗು ನಿಂತುಹೋಯಿತು. "ಕೇಳಿದ್ರಾ? ಒಡಹುಟ್ಟಿದವನ ಹಾಗಿರೋ ಮನುಷ್ಯನನ್ನ ಸಂಬಂಧವೇ ಇಲ್ಲ ಅಂತಾನಲ್ಲ!" ಎಂದಳು ಒಬ್ಬಳು ಮುದುಕಿ. "ಆಸ್ತಿ ಕೇಳಿರ್ತಾನೆ ಅವನು, ಅದಕ್ಕೆ," ಎಂದ ಇನ್ನೊಬ್ಬ. "ತೂ!" ಎಂದ ಕಲ್ಲಂಗಡಿಯವನು.

ಝುಲ್ಹುಮೋರ್ ಕಡತದಿಂದ ನನ್ನ ಪ್ರಮಾಣಪತ್ರ ತೆಗೆದು ಎತ್ತಿ ಹಿಡಿದಳು. "ಇಲ್ಲಿ ಠಸ್ಸೆ ಇದೆ. ಹಾಗಾದ್ರೆ ಕಾರ್ಯದರ್ಶಿಗಳು ಸುಳ್ಳು ಬರೆದ್ರು ಅಂತೀರಾ?"

ಮಾಮಸೋಲಿಗೆ ಇಲ್ಲ ಎನ್ನಲು ಬಾರದು ಎಂದೆನಲ್ಲ, ನನ್ನ ಪುಣ್ಯಕ್ಕೆ ಅವತ್ತು ಹೂಂ ಎನ್ನಲೂ ಅವನಿಗೆ ಬಾಯಿ ಬರಲಿಲ್ಲ. ಕಣ್ಣೀರು ಸುರಿಸಿದ. ಹೆಂಡತಿಯ ಕಥೆ, ಹಾಸಿಗೆಯ ಕಥೆ, ಏಳನೆಯ ಕಾಲಂ ಕಥೆ ಎಲ್ಲವನ್ನೂ ಹೇಳಿದ. ಝುಲ್ಹುಮೋರ್ ಪ್ರಮಾಣಪತ್ರ ಕೆಳಗಿಟ್ಟಳು.

"ನೋಡಿ ಅಣ್ಣ. ರಕ್ತ ಯಾರದು ಅಂತ ನೋಡೋಕೆ ನಾನು ಡಾಕ್ಟ್ರಲ್ಲ. ಅವರು ನಿಮಗೆ ದುಡ್ಡು ಕೊಡಬೇಕು, ನೀವು ಈಸ್ಕೋಬೇಕು, ಅದನ್ನ ನಾನು ಕಣ್ಣಾರೆ ನೋಡ್ಬೇಕು. ಈಸ್ಕೊಂಡ್ರೆ ಅತಿಥಿಗೃಹ. ಇಲ್ಲಾಂದ್ರೆ ನೆಂಟ್ರ ಮನೆ. ಶುಕ್ರವಾರ ಹತ್ತು ಗಂಟೆಗೆ ಬರ್ತೀನಿ. ಮೂರು ಸಲ ಅವಕಾಶ ಕೊಡ್ತೀನಿ, ಅದಕ್ಕಿಂತ ಜಾಸ್ತಿ ಇಲ್ಲ."

ಇನ್ನು ವಿಟೋಲ್ಡನಿಗೆ ಹೇಳಬೇಕಿತ್ತು. ಗುರುವಾರ ಮಾಮಸೋಲಿ ಒಂದು ತಟ್ಟೆ ಹಲ್ವಾ ಹಿಡಿದುಕೊಂಡು ಅವನ ಪಕ್ಕ ಕೂತ. ವಿಟೋಲ್ಡ್ ನನ್ನ ಗಡಿಯಾರ ಬಿಚ್ಚಿ ಹರಡಿಕೊಂಡಿದ್ದ. ನಾನು ಅದರ ಯೋಗಕ್ಷೇಮ ವಿಚಾರಿಸಲು ಹೋಗಿದ್ದರಿಂದ ಎಲ್ಲ ಕಿವಿಯಾರೆ ಕೇಳಿದೆ.

"ನಿಮಗೊಂದು ಕೆಟ್ಟ ಸುದ್ದಿ ಹೇಳ್ಬೇಕು. ನೀವು ನನ್ನ ದೊಡ್ಡಪ್ಪನ ಮಗ ಅಲ್ಲ."

"ಗೊತ್ತು," ಎಂದ ವಿಟೋಲ್ಡ್.

"ಗೊತ್ತಾ!"

"ಹತ್ತು ದಿನ ಆಯ್ತು. ನನ್ನ ತಂಗಿಗೆ ಫೋನ್ ಮಾಡಿದ್ದೆ. ಅಪ್ಪ ಯುದ್ಧದುದ್ದಕ್ಕೂ ಅವರ ಚಿಕ್ಕಮ್ಮನ ಹಳ್ಳೀಲಿ ಬಾತುಕೋಳಿ ಕಾಯ್ತಿದ್ರಂತೆ. ಅದಕ್ಕೇ ಯುದ್ಧದ ಮಾತು ಎತ್ತುತ್ತಿರಲಿಲ್ಲ, ನಾಚಿಕೆಯಾಗ್ತಿತ್ತಂತೆ."

"ಮತ್ತೆ ಹೇಳ್ಬಾರ್ದಿತ್ತಾ ಮಹಾರಾಯ್ರೇ?"

"ಹೇಗೆ ಹೇಳ್ಲಿ? ಆ ಅಜ್ಜಿ ಮೊಣಕೈ ತೋರಿಸ್ತಾರೆ. ದುಡ್ಡು ಕೊಟ್ರೆ ಅವಮಾನ ಅಂತೀರಿ. ಸಕ್ಕರೆ ಡಬ್ಬೀಲಿ ಇಟ್ಟೆ, ಅದು ತಿರುಗಿ ನನ್ನ ಕೋಟಿನ ಜೇಬಲ್ಲಿ ಸಿಕ್ತು."

"ನಾನೇ ಇಟ್ಟೆ," ಎಂದ ಮಾಮಸೋಲಿ ತಲೆ ತಗ್ಗಿಸಿ. "ಸಕ್ಕರೆ ಡಬ್ಬೀಲಿ ದುಡ್ಡು ಮರೆತಿದೀರಿ ಅಂದ್ಕೊಂಡೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವ ಭರದಲ್ಲಿ ನನ್ನ ಗಡಿಯಾರದ ಒಂದು ಸಣ್ಣ ಚಕ್ರ ಹಲ್ವಾದೊಳಗೆ ಬಿತ್ತು.

ಶುಕ್ರವಾರ ಹತ್ತು ಗಂಟೆಗೆ ಮಾಮಸೋಲಿಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮರದ ಕೆಳಗಿನ ಮಂಚದ ಮೇಲೆ ಝುಲ್ಹುಮೋರ್ ತನ್ನ ಕಾಗದಗಳೊಂದಿಗೆ ಕೂತಿದ್ದಳು. ಪಕ್ಕದಲ್ಲಿ ಹೈದರಾಲಿ. ಅವರಿಗೆ ನಿಜ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕೇಳಿ, "ಕಥೆ ಮಾತ್ರ ಚೆನ್ನಾಗಿತ್ತು" ಎಂದಿದ್ದರು. ಅತ್ತೆ ಆಗ ತಾನೇ ಬಚ್ಚಲಿನಿಂದ ಬಂದು ತಲೆ ಒಣಗಿಸಿಕೊಳ್ಳುತ್ತಿದ್ದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ, ಧೈರ್ಯ ಇರಲಿಲ್ಲ. ಗೋಡೆಯ ಮೇಲೆ ಸಾಲಾಗಿ ಅಕ್ಕಪಕ್ಕದವರ ತಲೆಗಳು. ಹೈರಿನಿಸೋ ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ಅವಳ ಗಂಟು ಮೂಟೆ ಕಟ್ಟಿ ಬಾಗಿಲ ಬಳಿ ಇಟ್ಟಿದ್ದನ್ನು ಎಲ್ಲರೂ ನೋಡಿ, ನೋಡದವರಂತಿದ್ದರು.

ವಿಟೋಲ್ಡ್ ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದ. ಮಾಮಸೋಲಿ ಮುಂದೆ ಬಂದ. ಬಲಗೈ ಎತ್ತಿದ. ಅದು ನೇರ ಲಕೋಟೆಯ ಕಡೆ ಹೋಗಬೇಕಿತ್ತು. ದಾರಿಯಲ್ಲಿ ತಿರುಗಿ ಅವನ ಎದೆಯ ಮೇಲೆ ಕೂತಿತು.

"ಅಯ್ಯೋ, ಬೇಡ ಬೇಡ, ಯಾಕಿದೆಲ್ಲಾ," ಎಂದಿತು ಬಾಯಿ.

"ಒಂದು," ಎಂದಳು ಝುಲ್ಹುಮೋರ್.

ಅಂಗಳ ನಿಟ್ಟುಸಿರಿಟ್ಟಿತು. ಎರಡನೆಯ ಸಲ ಮಾಮಸೋಲಿ ಹಲ್ಲು ಕಚ್ಚಿ ಲಕೋಟೆ ಹಿಡಿದೇಬಿಟ್ಟ. ಜನ ಚಪ್ಪಾಳೆ ತಟ್ಟುವಷ್ಟರಲ್ಲಿ ಅದನ್ನು ವಿಟೋಲ್ಡನ ನಿಲುವಂಗಿಯ ಎದೆಯೊಳಗೆ ತುರುಕಿ, "ದಾರಿ ಖರ್ಚಿಗಿರ್ಲಿ," ಎಂದು ಬೆನ್ನು ತಟ್ಟಿದ.

"ಎರಡು."

"ತಗೊಳ್ಳೋ ಮಹಾರಾಯ!" ಎಂದು ಹೈದರಾಲಿಯವರು ಕೋಲು ಕುಟ್ಟಿದರು. "ಮೊಹಲ್ಲಾದ ಮಾನದ ಪ್ರಶ್ನೆ! ಕಣ್ಣು ಮುಚ್ಕೊಂಡು ಕೈ ಚಾಚು, ಹಲ್ಲು ಕೀಳಿಸ್ಕೊಳ್ಳೋ ಹಾಗೆ!"

ಮಾಮಸೋಲಿ ಕಣ್ಣು ಮುಚ್ಚಿ ಕೈ ಚಾಚಿದ. ವಿಟೋಲ್ಡ್ ಮೆಲ್ಲಗೆ ಲಕೋಟೆಯನ್ನು ಅಂಗೈ ಮೇಲಿಟ್ಟ. ಬೆರಳುಗಳು ಒಂದೊಂದಾಗಿ ಮಡಚಿಕೊಳ್ಳುತ್ತಿದ್ದವು. ಆಗ ಮರದ ಕೆಳಗಿನಿಂದ ಅತ್ತೆಯ ಗಂಟಲು ಗುಡುಗಿತು.

"ಏನೋ ಅದು? ಮನೆಮಗನ ಹತ್ರ ಕಾಸು ಕೀಳ್ತಿದೀಯೇನೋ, ನಾಚಿಕೆಗೆಟ್ಟವನೇ!"

ಮಾಮಸೋಲಿಯ ಕೈ ಕೆಂಡ ಮುಟ್ಟಿದಂತೆ ಬಿಚ್ಚಿಕೊಂಡಿತು. ಲಕೋಟೆ ನೆಲಕ್ಕೆ ಬಿತ್ತು.

"ಮೂರು," ಎಂದಳು ಝುಲ್ಹುಮೋರ್. ಅವಳ ದನಿಯಲ್ಲೂ ಬೇಸರವಿತ್ತು. "ಕ್ಷಮಿಸಿ ಅಣ್ಣ. ನಾನೇನು ಮಾಡ್ಲಿ? ಇವರು ನೆಂಟ್ರೇ." ಕಾಗದಗಳನ್ನು ಜೋಡಿಸಿಕೊಂಡು ಏಳಲು ಹೊರಟಳು.

ಆಗ ಹೈರಿನಿಸೋ ಹೊರಗೆ ಬಂದಳು. ಕೈಯ ಹಿಟ್ಟನ್ನು ಅಂಗಿಯ ಅಂಚಿಗೆ ಒರೆಸಿಕೊಂಡು, ಬಗ್ಗಿ, ನೆಲದ ಮೇಲಿದ್ದ ಲಕೋಟೆ ಎತ್ತಿಕೊಂಡಳು. ಬಿಚ್ಚಿ ನೋಡಿದಳು. ವಿಟೋಲ್ಡನ ಕಡೆ ತಿರುಗಿ ಎದೆಯ ಮೇಲೆ ಕೈಯಿಟ್ಟು ತಲೆಬಾಗಿದಳು.

"ಇಪ್ಪತ್ತಮೂರು ರಾತ್ರಿ, ಬೆಳಗಿನ ತಿಂಡಿ ಸೇರಿ. ಸರಿಯಾಗಿದೆ ಅಣ್ಣ. ನಿಮಗೆ ಒಳ್ಳೆದಾಗ್ಲಿ."

ಲಕೋಟೆ ಅವಳ ಜೇಬಿಗೆ ಹೋಯಿತು. ಎಲ್ಲರೂ ಏನೋ ಆಗುತ್ತದೆ ಎಂದು ಕಾದರು. ಭೂಮಿ ಬಾಯಿ ಬಿಡಲಿಲ್ಲ. ಮರ ಬೀಳಲಿಲ್ಲ. ಕೋಳಿಗಳು ಹಿಂದಿನಂತೆಯೇ ನೆಲ ಕೆದಕುತ್ತಿದ್ದವು.

"ಏ ಸೊಸೆ!" ಎಂದಳು ಅತ್ತೆ. "ನೆಂಟನ ಹತ್ರ ದುಡ್ಡು ಈಸ್ಕೊಂಡ್ಯಾ?"

"ನೆಂಟ್ರು ಅಂತಾನೇ ಅತ್ತೆ, ಕೇಳಿದಷ್ಟೂ ಕೊಟ್ಟಿದಾರೆ. ಬೇರೆಯವ್ರಾಗಿದ್ರೆ ಚೌಕಾಸಿ ಮಾಡಿರ್ತಿದ್ರು."

ಅತ್ತೆ ಒದ್ದೆ ಕೂದಲು ಹಿಂಡುತ್ತ ಯೋಚಿಸಿದಳು. ತೊಂಬತ್ತೊಂದು ವರ್ಷದಲ್ಲಿ ಕಂಡ ನೆಂಟರನ್ನೆಲ್ಲ ನೆನೆಸಿಕೊಂಡಿರಬೇಕು. "ಅದೂ ನಿಜವೇ," ಎಂದಳು ಕೊನೆಗೆ. "ಇವನಪ್ಪ ಕಚ್ಚಿದ್ರೂ, ಇವನು ಗುಣವಂತ."

ಝುಲ್ಹುಮೋರ್ ಮತ್ತೆ ಕೂತಳು. ನಗು ತಡೆದುಕೊಳ್ಳಲು ಅವಳು ಪಡುತ್ತಿದ್ದ ಕಷ್ಟ ನನಗೆ ಹತ್ತಿರದಿಂದ ಕಾಣುತ್ತಿತ್ತು. ಅರ್ಜಿ ಬಿಡಿಸಿ ಪೆನ್ನು ತೆರೆದಳು. ಏಳನೆಯ ಕಾಲಂ ಬಂದಾಗ ಹೈರಿನಿಸೋ ಮೊತ್ತವನ್ನು ಗೋಡೆಯಾಚೆಗೂ ಕೇಳುವಂತೆ ಹೇಳಿದಳು. ಮಾಲೀಕರ ಹೆಸರು ಎಂದಾಗ ಮಾಮಸೋಲಿ ಬಾಯಿ ತೆರೆದ. "ಹೈರಿನಿಸೋ" ಎಂದು ಅವಳೇ ಹೇಳಿ ರುಜು ಹಾಕಿದಳು. ಸಂಖ್ಯೆ ಅಲ್ಲೇ ಬಂತು. ಅದನ್ನು ಫೋನಿನಲ್ಲಿ ಒತ್ತಿ ಕಳಿಸುವಾಗ ಅವಳ ಕೆನ್ನೆಯ ಮೇಲೆ ಎರಡು ಹನಿ ಇಳಿದವು. ಜಪಾನಿನವರಿಂದ ಸಂತೋಷ, ಬರುತ್ತೇವೆ ಎಂದು ಉತ್ತರ ಬಂತು. ಗೋಡೆಯ ಮೇಲಿನ ತಲೆಗಳೆಲ್ಲ ಒಟ್ಟಿಗೆ ಕೂಗಿದವು. ಹೈದರಾಲಿಯವರು ಮತ್ತೆ ಅತ್ತರು.

"ಇನ್ನೊಂದೇ ಕಾಲಂ ಅಕ್ಕ," ಎಂದಳು ಝುಲ್ಹುಮೋರ್. "ಈ ಮನೇಲಿ ದುಡ್ಡು ಕೊಡದೆ ಉಳ್ಕೊಂಡಿರೋರು ಯಾರ್ಯಾರು? ಅತ್ತೇನ ಬರ್ಕೊಂಡೆ. ಇವರನ್ನ?" ಪೆನ್ನಿನ ತುದಿ ಮಾಮಸೋಲಿಯ ಕಡೆ ತಿರುಗಿತ್ತು.

ಹೈರಿನಿಸೋ ಗಂಡನನ್ನು ಆ ದಿನ ಮೊದಲ ಬಾರಿ ನೋಡಿದಳು. ಅವನು ಖಾಲಿ ಅಂಗೈಯನ್ನು ಇನ್ನೂ ಹಾಗೇ ಚಾಚಿಕೊಂಡು ನಿಂತಿದ್ದ. ಅವಳು ನಗು ತಡೆಯಲಾರದೆ ತಲೆವಸ್ತ್ರದ ತುದಿ ಬಾಯಿಗೆ ಒತ್ತಿಕೊಂಡಳು. ಬಾಗಿಲ ಬಳಿ ಹೋಗಿ ಗಂಟನ್ನು ಎತ್ತಿ ಅವನ ಚಾಚಿದ ಕೈಗೆ ಕೊಟ್ಟು, ಒಳಗಿಡು ಎಂಬಂತೆ ಕಣ್ಣಲ್ಲೇ ಹೇಳಿದಳು.

"ಬರ್ಕೊಳ್ಳಮ್ಮ," ಎಂದಳು. "ನೆಂಟ್ರು."